ಫೆಮ್ಮಿಯ ಹಗುರ ಸೈಕಲ್

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶನಿವಾರ, ಗ್ರೋನಿಂಗನ್ ಪಟ್ಟಣದ ಸೈಕಲ್ ಅಂಗಡಿಗೆ ಒಬ್ಬ ಮುದುಕ, ಒಬ್ಬಳು ಮುದುಕಿ ಬಂದರು. ಮನೆಯ ನೆಲಮಾಳಿಗೆಯಿಂದ ಅವಳೊಬ್ಬಳೇ ಎತ್ತಿ ತರಬಹುದಾದ ಬ್ಯಾಟರಿ ಸೈಕಲ್ ಕೊಡಿಸುತ್ತೇನೆಂದು ಮುದುಕ ವುಬ್ಬೊ ತನ್ನ ಹೆಂಡತಿ ಫೆಮ್ಮಿಗೆ ಮಾತು ಕೊಟ್ಟಿದ್ದನಂತೆ. ನಾನು ಪಂಕ್ಚರ್ ಹಾಕಿಸಲು ಕಾಯುತ್ತಿದ್ದೆ. ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಿದ ಮೇಲೆ ವುಬ್ಬೊ ಶುರುಮಾಡಿದ.

“ಕ್ಯಾರಿಯರ್ ಹಾಕಿ. ಮುಂದಕ್ಕೆ ಮರದ ಪೆಟ್ಟಿಗೆ. ಆ ದಪ್ಪ ಸರಪಳಿ ಬೀಗಾನೂ ಇರಲಿ.”

“ಪೆಟ್ಟಿಗೆ ಯಾಕೋ?” ಫೆಮ್ಮಿ ಕೇಳಿದಳು.

“ಆಲೂಗಡ್ಡೆ ತರೋಕೆ.”

“ನಾನು ಹೋಗೋದು ಸಮುದ್ರದ ಏರಿ ಮೇಲೆ ಸುಮ್ನೆ ಸುತ್ತೋಕೆ, ಸಂತೆಗಲ್ಲ!”

“ದಾರೀಲಿ ಸಿಕ್ರೆ?”

ಎಲ್ಲ ಹಾಕಿಸಿದ ಮೇಲೆ ಫೆಮ್ಮಿ ಎತ್ತಿ ನೋಡಿದಳು. ಸೈಕಲ್ ಮೇಲೇಳಲಿಲ್ಲ.

“ನೋಡು, ನನ್ನ ಹಳೇ ಸೈಕಲ್ಲಿನಷ್ಟೇ ಭಾರ ಮಾಡಿಟ್ಟೆ.”

“ನಾನು ಎತ್ತಿ ಕೊಡ್ತೀನಲ್ಲ!”

“ನೀನು ಎದ್ದು, ಕಾಫಿ ಕುಡಿದು, ಪೇಪರ್ ಓದಿ ಬರೋ ಹೊತ್ತಿಗೆ ಬಿಸಿಲೇ ಹೋಗಿರುತ್ತೆ, ಮಾರಾಯ. ನಿನ್ನ ಕಾದೂ ಕಾದೂ ಸಾಕಾಗಿದೆ.”

ವುಬ್ಬೊ ಸ್ಪ್ಯಾನರ್ ಕೇಳಿ ಪಡೆದು, ಒಂದೊಂದನ್ನೇ ತಾನೇ ಬಿಚ್ಚಿದ.

“ಬೀಗಾನಾದ್ರೂ ಇರಲಿ?”

“ಸಣ್ಣದು ಸಾಕು.”

ಫೆಮ್ಮಿ ಸೈಕಲನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಳಿದಳು. ವುಬ್ಬೊ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಸೈಕಲ್ ಹತ್ತಿ ರಸ್ತೆಯ ತಿರುವು ದಾಟಿಯಾಗಿತ್ತು.