ಡಬ್ಬಿಯ ಹಸಿರು ಬಳೆ

...ನಗಬೇಡ ಅಕ್ಕ! ನಗೋಕೆ ಏನಿದೆ ಇದರಲ್ಲಿ? ನಲ್ಲಿ ತಾನೇ? ನಾನೇ ಬಿಟ್ಟಿದ್ದೆ. ಬೇಕಂತಲೇ ಬಿಟ್ಟಿದ್ದೆ, ಬಕೆಟ್ ತುಂಬಲಿ ಅಂತ. ತುಂಬಿತು. ಆಮೇಲೆ ಬಚ್ಚಲೂ ತುಂಬಿತು. ಆಮೇಲೆ... ಸರಿ, ಸ್ವಲ್ಪ ಈ ಕಡೆಗೂ ಬಂತು. ನೀರೂ ನನ್ನ ಹಾಗೇ, ಒಂದು ಕಡೆ ನಿಲ್ಲಲ್ಲ ಅಂದ್ರೆ ನಾನೇನು ಮಾಡಲಿ? ನೀನು ಬಂದು ನಿಲ್ಲಿಸಿದ್ಯಲ್ಲ, ಸಾಕು ಬಿಡು. ಹುಟ್ಟಿದಾಗಿಂದ ನಿಂದು ಅದೇ ಕೆಲಸ. ನಾನು ಬಿಟ್ಟಿದ್ದನ್ನ ನಿಲ್ಲಿಸೋದು.

ಬಾ, ಕೂತ್ಕೋ. ಅಲ್ಲಲ್ಲ, ಆ ಮೂಲೇಲಿ ಬೇಡ. ಇಲ್ಲಿ, ಕಿಟಕಿ ಎದುರು. ಮುಖಕ್ಕೆ ಬೆಳಕು ಬೀಳಲಿ. ಯಾಕೆ ಅಂದ್ರೆ... ಎಷ್ಟು ದಿನ ಆಯ್ತು ನಿನ್ನ ಮುಖ ನೋಡಿ! ತಮ್ಮ ಆದೋನು ಅಕ್ಕನ ಮುಖ ನೋಡಬಾರದಾ? ಅದಕ್ಕೂ ಚೀಟಿ ತಗೋಬೇಕಾ?

ಏನು, ಬಾಗಿಲ ಬೆಲ್ಲಾ? ಹೊಡೆದ್ಯಾ? ಎಷ್ಟು ಸಲ? ಹಾಗಾದ್ರೆ ಕೆಟ್ಟಿರಬೇಕು... ಕೆಳಗಡೆ ಓನರಮ್ಮಂಗೆ ಕೇಳಿಸ್ತಂತಾ? ಅವರಿಗೆ ಕೇಳಿಸದೆ ಇರುತ್ತಾ! ಬೆಲ್ಲೂ ಅವರ ಕಡೆಯದ್ದೇ. ಬಾಡಿಗೆಯವನ ಮನೇಲಿ ಮೂಗಿ, ಅವರ ಮನೇಲಿ ಬಾಯಿಬಡುಕಿ. ಮತ್ತೆ ಫೋನ್ ವಿಷಯ ಎತ್ತಬೇಡ. ಎತ್ತಿದ್ಯಲ್ಲ! ಫೋನ್ ತೆಗೆಯಲ್ಲ ಅಂತಲ್ಲ ಅಕ್ಕ, ಮೆಸೇಜ್ ಹಾಕು ಅಂತೀನಿ ಅಷ್ಟೇ. ಆಡಿದ್ದು ಹಾರಿಹೋಗುತ್ತೆ, ಬರೆದದ್ದು ಉಳಿಯುತ್ತೆ. ಏಳನೇ ಕ್ಲಾಸಲ್ಲಿ ಪುಸ್ತಕದ ಚೀಲಾನ ಬೇಲಿಯಾಚೆ ಎಸೆದು ಲಾರಿ ಹತ್ತಿದೋನಿಗೆ ಈಗ ಅಕ್ಷರದ ಮೇಲೆ ಇಷ್ಟು ಪ್ರೀತಿ ಬಂದಿದೆ, ಖುಷಿಪಡೋದು ಬಿಟ್ಟು...

ತೊಳೆದಿದೀನಿ ಅಕ್ಕ. ಎಲ್ಲಾನೂ ತೊಳೆದು ಬೋರಲು ಹಾಕಿದೀನಿ, ನೋಡು ಬೇಕಾದ್ರೆ... ಏನು? ಏನಂದೆ? ಓ... ಮಾತ್ರೆ! ಮಾತ್ರೆ ತಗೊಂಡ್ಯಾ ಅಂತ ಕೇಳಿದ್ಯಾ! ನಾನು ಪಾತ್ರೆ ಅಂದ್ಕೊಂಡೆ. ತಗೊಂಡೆ, ತಗೊಂಡೆ. ನೆಗಡಿ ಯಾವತ್ತೋ ಹೋಯ್ತು. ಕಿವಿ ಕಟ್ಟಿದ್ದೂ ಬಿಡ್ತು. ಈಗ ಗಾಜಿನ ಹಾಗಿದೆ ಕಿವಿ. ಮಾತ್ರೆಗೂ ಪಾತ್ರೆಗೂ ಏನು ಮಹಾ ವ್ಯತ್ಯಾಸ ಬಿಡು, ಎರಡೂ ಊಟ ಆದ್ಮೇಲೇ.

ಹ್ಞಾಂ! ಬಿತ್ತಲ್ಲ ಕಣ್ಣು! ಆ ಡಬ್ಬೀನ ಮುಟ್ಟಬೇಡ... ಮುಟ್ಟು, ಮುಟ್ಟು, ಒಡೆಯೋ ಸಾಮಾನಲ್ಲ. ಮತ್ತೊಂದು ಹುಚ್ಚಾ ಅಂತೀಯಾ? ಹೌದು, ಮತ್ತೊಂದು ಹುಚ್ಚು. ಆದರೆ ಇದು ಬುದ್ಧಿವಂತರ ಹುಚ್ಚು ಅಕ್ಕ, ಕೇಳು.

ಈ ಹೆಡ್‌ಫೋನ್ ಇದೆಯಲ್ಲ, ದಪ್ಪದ್ದು, ನಾನು ಸರ್ಕಸ್ಸಲ್ಲಿದ್ದ ಕಾಲದ್ದು, ಇದನ್ನ ಫೋನಿಗೆ ಚುಚ್ಚಿದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೆ ದಮ್ಮು ತುಂಬೋಕೆ ಒಂದು ಆಂಪ್ಲಿಫೈಯರ್ ಬೇಕು. ಅಂಗಡಿಗೆ ಹೋಗಿ 'ಹೆಡ್‌ಫೋನಿಗೆ ಅಂತಲೇ ಮಾಡಿದ ಆಂಪ್ಲಿಫೈಯರ್ ಕೊಡಿ' ಅಂದ್ಯೋ, ಕತೆ ಮುಗೀತು. ಅಂಗಡಿಯವನು ನಿನಗೆ ಕುರ್ಚಿ ಹಾಕ್ತಾನೆ. ಕುರ್ಚಿ ಹಾಕಿದ ಅಂದ್ರೆ ಕತ್ತು ಕೊಯ್ತಾನೆ ಅಂತಲೇ ಅರ್ಥ. ಮೂಗಿಗಿಂತ ಮೂಗುತಿ ಭಾರ! ಆದರೆ ಈ ಹಾಡೋರು, ಗಿಟಾರ್ ಬಾರಿಸೋರು ಇದಾರಲ್ಲ, ಮನೇಲೇ ರೆಕಾರ್ಡ್ ಮಾಡ್ಕೊಳ್ಳೋಕೆ ಅವರು ಇಂಥ ಡಬ್ಬಿ ಇಟ್ಕೊಂಡಿರ್ತಾರೆ. ಆಡಿಯೋ ಇಂಟರ್‌ಫೇಸ್ ಅಂತಾರೆ. ನಾನು ಡಬ್ಬಿ ಅಂತೀನಿ. ಮೈಕಿನ ದನಿ ಈ ಕಡೆಯಿಂದ ಕಂಪ್ಯೂಟರಿಗೆ ಹೋಗುತ್ತೆ, ಕಂಪ್ಯೂಟರಿನ ದನಿ ಆ ಕಡೆಯಿಂದ ಹೆಡ್‌ಫೋನಿಗೆ ಬರುತ್ತೆ. ಹೋಗೋದನ್ನ ಮರೆತುಬಿಡು. ಬರೋದು ಮಾತ್ರ ಸಾಕು ನಮಗೆ. ಹೆಡ್‌ಫೋನ್ ಚುಚ್ಚು, ಗುಂಡಿ ತಿರುಗಿಸು... ಅಷ್ಟೇ! ಕರಕರ ಇಲ್ಲ, ಗುಂಯ್ ಇಲ್ಲ. ಹಾಡಿದೋನಿಗೆ ಅವನ ತಪ್ಪು ಅವನಿಗೇ ಕೇಳಿಸಲಿ ಅಂತ ಮಾಡಿದ ಸಾಮಾನು ತಾನೇ, ಬಣ್ಣ ಗಿಣ್ಣ ಬಳಿಯಲ್ಲ. ಇದ್ದದ್ದು ಇದ್ದ ಹಾಗೆ. ಬೆಲೇನೂ ಬಡವರದ್ದೇ, ಅದೂ ಸೆಕೆಂಡ್ ಹ್ಯಾಂಡಲ್ಲಿ. ಒಬ್ಬ ಹಾಡುಗಾರ ಮಾರಿದ. ತನ್ನ ದನಿ ತಾನೇ ಸರಿಯಾಗಿ ಕೇಳಿಸ್ಕೊಂಡನಂತೆ, ಮಾರನೇ ದಿನ ಮಾರೋಕೆ ಇಟ್ಟನಂತೆ.

ಎಲ್ಲ ಡಬ್ಬಿಗೂ ದಮ್ಮು ಇರಲ್ಲ ಮತ್ತೆ, ನೋಡಿ ತಗೋಬೇಕು. ಮೊದಲು ಒಂದು ತಂದೆ, ಸಾಲಲಿಲ್ಲ. ವಾಪಸ್ ಕೊಟ್ಟು ಇನ್ನೊಂದು ತಂದೆ, ಸಾಲಲಿಲ್ಲ. ಇದು... ಏನು? ಏನು ಸಾಲಲಿಲ್ಲ ಅಂದ್ರೆ? ಅದು... ಗುಣ. ಗುಣ ಸಾಲಲಿಲ್ಲ ಅಕ್ಕ. ನಿಂಗೆ ಅದೆಲ್ಲ ಗೊತ್ತಾಗಲ್ಲ.

ಹಾಕ್ಕೊಂಡು ನೋಡ್ತೀಯಾ? ಹಾಕ್ಕೋ! ತಾಳು, ಒಂದು ಒಳ್ಳೆ ಕೊಳಲು ಹಾಕ್ತೀನಿ. ನಾನು ಬೆಳಗ್ಗೆಯಿಂದ ಕೇಳ್ತಾ ಇರೋದೇ ಇದು. ಊದೋನು ಉಸಿರು ಎಳ್ಕೊಳ್ಳೋದೂ ಕೇಳಿಸುತ್ತೆ... ಹ್ಞೂಂ, ಈಗ...

ಅಯ್ಯೋ! ಅಯ್ಯೋ, ಯಾಕೆ ಕಿತ್ತೆಸೆದೆ? ಹಾವು ಕಂಡೋಳ ಥರ! ಜೋರಾಯ್ತಾ? ಎಲ್ಲಿ... ಇಲ್ವಲ್ಲ, ಸರಿಯಾಗೇ ಇದೆ ನಂಗೆ... ಗುಂಡಿ ತುದಿ ಮುಟ್ಟಿದೆ ಅಂದ್ರೆ, ಅದು ತುದಿ ತನಕ ತಿರುಗಿಸೋಕೇ ಇರೋದು ಅಕ್ಕ, ಅರ್ಧಕ್ಕೆ ನಿಲ್ಲಿಸು ಅಂತ ಯಾರೂ ಬರೆದಿಲ್ಲ. ಹೆಡ್‌ಫೋನ್ ಹಠಮಾರಿದು, ಜಾಸ್ತಿ ಕೊಡ್ಬೇಕು. ನಿನ್ನ ಕಿವಿ ಅಭ್ಯಾಸ ಇಲ್ಲದ್ದು. ಸಾರಿ, ಸಾರಿ. ಉಜ್ಜಿಕೋ. ನೋವಾಯ್ತಾ? ಹಾಗೆ ನೋಡಬೇಡ ನನ್ನ.

ಮಾವ ಕಳಿಸಿದ್ರಾ? ಯಾವ ಮಾವ? ನಿಮ್ಮ ಮಾವ ತೀರಿಹೋಗಿ ಎಷ್ಟು ಕಾಲ ಆಯ್ತಲ್ಲ ಅಕ್ಕ, ಮೇಲಿಂದ ಕಳಿಸಿದ್ರಾ? ಓ... ಭಾವ! ಭಾವ! ನಿನ್ನ ಗಂಡ! ಸರಿಯಾಗಿ ಬಾಯಿ ತೆರೆದು ಹೇಳಬಾರದಾ? ಯಾಕೆ ಕಳಿಸಿದ್ರು? ಸೋಮವಾರದಿಂದ ಅವರು ಹೇಳಿದ ಕೆಲಸಕ್ಕೆ ಬರ್ತೀನಿ ಅಂತ ಒಪ್ಪಿದೀನಲ್ಲ. ಅನುಮಾನವಾ? ಇರಲಿ, ಸಹಜ. ಕಾಲಿಗೆ ಚಕ್ರ ಕಟ್ಕೊಂಡೋನು ನಾನು. ಲಾರಿ ಬಿಟ್ಟೆ, ಸರ್ಕಸ್ ಬಿಟ್ಟೆ, ಹಡಗಿನ ಅಡುಗೆಮನೆ ಬಿಟ್ಟೆ, ಒಂದು ಮದುವೆ ಮಾತುಕತೇನೂ ಮಧ್ಯದಲ್ಲಿ ಎದ್ದು ಕೈತೊಳೆಯೋಕೆ ಅಂತ ಹೋಗಿ ಬಿಟ್ಟೆ. ಯಾವ ಕೆಲಸಾನೂ ನನ್ನ ಬಿಡಲಿಲ್ಲ, ನಾನೇ ಬಿಟ್ಟೆ. ಅದೊಂದು ಮರ್ಯಾದೆ ಇದೆ ನಂಗೆ.

ಆದರೆ ಈ ಕೆಲಸ... ನಗಬೇಡ, ಈ ಸಲ ನಿಜ. ಈ ಕೆಲಸ ನಂಗೆ ಬೇಕು ಅಕ್ಕ. ಕಣ್ಣು ಕಾಣದೋರಿಗೆ ಅಂತ ಪುಸ್ತಕ ಓದಿ ರೆಕಾರ್ಡ್ ಮಾಡ್ತಾರೆ, ಅದನ್ನ ಕೂತು ಕೇಳೋದು. ಹಾಳೆ ಸರಕ್ ಅಂದ್ರೆ ಗುರುತು ಹಾಕು. ಕುರ್ಚಿ ಕಿರ್ ಅಂದ್ರೆ ಗುರುತು ಹಾಕು. ಓದೋನು ಒಂದಕ್ಷರ ನುಂಗಿದ್ರೆ ಹಿಡಿ. ದಿನವಿಡೀ ಒಂದೇ ಕಡೆ ಕೂತು ಕತೆ ಕೇಳೋದು, ಅದಕ್ಕೆ ಸಂಬಳ! ಓದದೆ ಬಿಟ್ಟ ಪುಸ್ತಕ ಎಲ್ಲ ಕಿವೀಲಿ ಓದಿ ಮುಗಿಸಬಹುದು. ಜೀವನದಲ್ಲಿ ಮೊದಲನೇ ಸಲ ಒಂದು ಕುರ್ಚಿ ನೋಡಿ, 'ಇಲ್ಲಿ ಕೂರಬಹುದು' ಅನ್ನಿಸ್ತು. ಭಾವನೂ ಅಲ್ಲಿ ಅಷ್ಟು ಜನರ ಎದುರು ಹೇಳಿಬಿಟ್ಟಿದಾರೆ, 'ನಮ್ಮ ಭಾಮೈದನ ಕಿವಿ ಅಂದ್ರೆ ಇರುವೆ ಕೆಮ್ಮಿದ್ರೂ ಹಿಡಿಯುತ್ತೆ' ಅಂತ. ಅವರ ಮಾತು ಮಣ್ಣುಪಾಲು ಮಾಡ್ತೀನಾ ನಾನು?

ಮೆಟ್ಟಿಲ ಮೇಲಾ? ಭಾವ ಹಿಂದಿಂದ ಕೂಗಿದ್ರಂತಾ? ನಾನು ತಿರುಗಲಿಲ್ಲವಂತಾ? ಅಕ್ಕ, ಹಿಂದಿಂದ ಯಾರಾದ್ರೂ ಕೂಗಿದ್ರೆ ತಿರುಗಬಾರದು ಅನ್ನೋದು ಊರೂರು ಅಲೆಯೋರ ಮೊದಲನೇ ಪಾಠ. ತಿರುಗಿದ್ಯೋ, ಕೆಲಸ ಹೇಳ್ತಾರೆ! ಕಿವಿಗೆ ಹೂ ಇಡ್ತಿದೀನಾ? ನಾನಾ? ನಿನ್ನ ಕಿವಿಗೆ ಹೂ ಇಟ್ಟೋನು ಇವತ್ತಿನ ತನಕ ಬದುಕಿದಾನಾ?

ಮಾತು ಬದಲಾಯಿಸ್ತಿಲ್ಲ. ನೀನೇ ಕೇಳಿದ್ಯಲ್ಲ, ಡಬ್ಬೀಲಿ ಈ ತೂತು ಯಾಕೆ ಅಂತ. ಕೇಳಲಿಲ್ವಾ? ಈಗ ಕೇಳು. ಇದು ಮೈಕಿಂದು. ಮೈಕೂ ಬಂದಿದೆ ಡಬ್ಬಿ ಜೊತೆ, ತಾಳು, ಚುಚ್ಚಿ ತೋರಿಸ್ತೀನಿ... ಹ್ಞಾಂ. ನೋಡು ಈ ಗುಂಡಿ ಸುತ್ತ, ಬಳೆ ಥರ ಒಂದು ದೀಪ. ದನಿ ಒಳಗೆ ಹೋದ್ರೆ ಹಸಿರು, ಮಿತಿ ಮೀರಿದ್ರೆ ಕೆಂಪು. ಹಲೋ... ಹಲೋ... ಹಸಿರು! ಅಕ್ಕಾ! ಕೆಂಪು! ನೋಡ್ದ್ಯಾ, ನಿನ್ನ ಕರೆದ್ರೆ ಡಬ್ಬಿಗೂ ನಡುಕ!

ಈಗ ನೀನು ಹೇಳು. ಏನಾದ್ರೂ ಹೇಳು. 'ಏನು ಹೇಳಲಿ' ಅಂದೆ, ಅಲ್ವಾ? ಹತ್ತಲಿಲ್ಲ. ಹತ್ತಿರ ಬಾ. ಇನ್ನೂ. 'ಸಾಕಾ' ಅಂದೆ. ಇಲ್ಲ... ತಾಳು, ಈ ಗುಂಡಿ ಏರಿಸ್ತೀನಿ. ಈಗ ಹೇಳು. 'ನಿನ್ನ ತಲೆ' ಅಂದೆ. ಇಲ್ಲ! ಥತ್! ಟೇಬಲ್ ಕುಟ್ಟಿದ್ರೆ... ಹಸಿರು. ಉಫ್... ಉಸಿರಿಗೂ ಹಸಿರು. ನೀನು ಕುರ್ಚಿ ಎಳೆದೆ, ಹಸಿರು. ಕುರ್ಚಿ ಮಾತು ಕೇಳಿಸುತ್ತೆ ಇದಕ್ಕೆ, ನಿನ್ನ ಮಾತು ಕೇಳಿಸಲ್ಲ. ಟೋಪಿ ಹಾಕಿದ ಆ ಹಾಡುಗಾರ! ಕಿವುಡು ಡಬ್ಬಿ ಕಟ್ಟಿ ಕಳಿಸಿದಾನೆ! ನಂಗೆ ಕೇಳಿಸ್ತಿದೆ, ಅದಕ್ಕೆ ಕೇಳಿಸ್ತಿಲ್ಲ. 'ತಮ್ಮಾ' ಅಂದೆ. ಮತ್ತೆ 'ತಮ್ಮಾ' ಅಂದೆ. ಎರಡು ಸಲ. ನಂಗೆ ಸ್ಪಷ್ಟವಾಗಿ...

ನಂಗೆ ಕೇಳಿಸ್ತಿದೆ. ಅದಕ್ಕೆ...

ಅಕ್ಕ.

ನೀನು ದನಿ ಬಿಡ್ತಾ ಇಲ್ಲ.

ಬರೀ ಬಾಯಿ ಆಡಿಸ್ತಾ ಇದೀಯ.

ಯಾವಾಗಿಂದ? ಮೈಕ್ ಚುಚ್ಚಿದಾಗಿಂದಾ? ಹೆಡ್‌ಫೋನ್ ಕಿತ್ತಾಗಿಂದಾ? ಅದಕ್ಕೂ ಮುಂಚೆ?... ನಲ್ಲಿ ನಿಲ್ಲಿಸಿ ಬಂದಾಗಿಂದಲೇ? ಅಂದ್ರೆ, ಇಷ್ಟು ಹೊತ್ತು ನಾವಿಬ್ಬರೂ ಕೂತು ಮಾತಾಡಿದ್ವಲ್ಲ ಅಕ್ಕ... ಜಗಳ ಆಡಿದ್ವಲ್ಲ... ಈ ರೂಮಲ್ಲಿ ಇದ್ದದ್ದು ನನ್ನ ದನಿ ಒಂದೇನಾ? ಕೆಳಗಡೆ ಓನರಮ್ಮ ಏನಂದ್ಕೊಂಡಿರ್ತಾರೆ! 'ಮೇಲಿನೋನಿಗೆ ಪೂರ್ತಿ ಕೆಟ್ಟಿತು, ಒಬ್ಬನೇ ಅಕ್ಕ ಅಕ್ಕ ಅಂತಿದಾನೆ' ಅಂತ... ಹ್ಹ. ಹ್ಹಹ್ಹ. ಬಳೆ ನೋಡು, ನಕ್ಕರೂ ಹಸಿರು.

ಸುಳ್ಳು ಹೇಳಲಿಲ್ಲ ಅಕ್ಕ. ಹೇಳಿದೆ, ಬೆಲ್ಲು, ನೆಗಡಿ, ಫೋನು, ಅದೆಲ್ಲ ಸುಳ್ಳು. ಸರ್ಕಸ್ಸಿನ ಸ್ಪೀಕರ್ ಡಬ್ಬದ ಮೇಲೆ ಹಾಸಿಗೆ ಹಾಸಿ ಮಲಗಿದೋನಿಗೆ ಇನ್ನೆಲ್ಲಿ ಕಿವಿ ಉಳಿಯುತ್ತೆ. ಸ್ವಲ್ಪ ಸ್ವಲ್ಪವೇ ಹೋಯ್ತು, ನನ್ನ ಥರವೇ, ಹೇಳದೆ ಕೇಳದೆ. ಆದರೆ ನಿನ್ನ ಮಾತು ಕೇಳಿಸ್ತು ಅಂದದ್ದು ಸುಳ್ಳಲ್ಲ. ನಿನ್ನ ತುಟಿ ಆಡಿದ್ರೆ ಸಾಕು, ದನಿ ತಾನಾಗೇ ಬರ್ತಿತ್ತು. ಚಿಕ್ಕವನಿದ್ದಾಗ ಪರೀಕ್ಷೆ ಬಂದ್ರೆ ನಂಗೆ ಪಾಠ ಓದಿ ಹೇಳ್ತಿದ್ಯಲ್ಲ, ಸ್ವಲ್ಪ ಮೂಗಿಂದ, ಸಾಲಿನ ಕೊನೆ ಎಳೆದು ಎಳೆದು... ಅದೇ ದನಿ. ಇವತ್ತೂ ಅದೇ ಬಂತು. ನಿನ್ನ ದನಿ ಈಗ ನಿಜವಾಗಿ ಹೇಗಿದೆಯೋ. ಬದಲಾಗಿರುತ್ತಾ? ವಯಸ್ಸಾಯ್ತಲ್ಲ ನಿಂಗೂ.

ಭಾವಂಗೆ ಫೋನ್ ಮಾಡು. ಸೋಮವಾರ ಬರಲ್ಲ ಅಂತ ಹೇಳು. ನೀನೇ ಮಾಡು ಅಕ್ಕ, ನಾನು ಮಾಡಿದ್ರೆ ಅವರು ಬೈದದ್ದು ಎಲ್ಲ ದಂಡ ಆಗುತ್ತೆ. ಆ ಕುರ್ಚಿಗೆ ಬೇರೆ ಯಾರನ್ನಾದ್ರೂ... ಇರುವೆ ಕೆಮ್ಮು ಅಂದ್ರಲ್ಲ ಪಾಪ, ಆನೆ ಘೀಳಿಟ್ಟರೆ ಮೆಸೇಜ್ ಹಾಕಿ ಅನ್ನೋ ಸ್ಥಿತೀಲಿದೀನಿ ನಾನು. ಈ ಕೆಲಸಾನ ನಾನು ಬಿಡಲಿಲ್ಲ ಅಂತ ಮಾತ್ರ ಹೇಳು. ಇದು ನನ್ನ ಬಿಡ್ತು. ಮೊದಲನೇ ಸಲ.

ಅಕ್ಕ... ಯಾಕೆ ಮುಖ ಮುಚ್ಕೊಂಡೆ? ಬಾಯಿ ಕಾಣಲ್ಲ ನಂಗೆ. ಏನೋ ಅಂತಿದೀಯ. ಇಲ್ಲ, ಈ ಸಲ ದನಿ ಬಿಟ್ಟೇ ಅಂತಿದೀಯ, ಬಳೆ ಹತ್ತಿದೆ. ಹಸಿರು. ಹತ್ತುತ್ತೆ, ಆರುತ್ತೆ, ಹತ್ತುತ್ತೆ... ಅಳ್ತಾ ಇದೀಯಾ? ನಗ್ತಾ ಇದೀಯಾ? ಎರಡಕ್ಕೂ ಒಂದೇ ಹಸಿರು ಅಕ್ಕ, ಡಬ್ಬಿಗೆ ಅಷ್ಟೇ ಬುದ್ಧಿ.

ಕೈ ತೆಗೆ. ಬೆಳಕಿಗೆ ತಿರುಗು.