ಜ್ವರಗಡ್ಡೆಯ ಮೇಲಿನ ಬರೆ

ಲಿಂಗನಮಕ್ಕಿ ಡ್ಯಾಮು ಕಟ್ಟುತ್ತಿದ್ದ ಕಾಲ. ಸಾಗರದ ಆಸ್ಪತ್ರೆಯ ಜಗಲಿಯಲ್ಲಿ ಔಷಧಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವಳ ಮಗಳು ಮಲಗಿದ್ದ ವಾರ್ಡಿನಿಂದ ಅವಳ ತಮ್ಮ ಆಗಷ್ಟೇ ಹೊರಗೆ ಬಂದ. ಮಾತು ನನ್ನದಲ್ಲ, ಆದರೂ ಕಿವಿಗೆ ಬಿತ್ತು.

“ಡಾಕ್ಟ್ರು ಏನಂದ್ರು ಮಾಸ್ತಪ್ಪ?”

“ದುಗ್ಗಿಗೆ ಮಲೇರಿಯಾನೇ ಅಂತೆ ಅಕ್ಕ. ಡ್ಯಾಮಿನ ಕೆಲಸಕ್ಕೆ ಹೋದಲ್ಲಿ ಹತ್ತಿದ್ದು. ರಕ್ತದಲ್ಲಿ ಹುಳ ಇದಾವಂತೆ, ಕಣ್ಣಿಗೆ ಕಾಣದಷ್ಟು ಸಣ್ಣವು.”

“ಮತ್ತೆ ಹೊಟ್ಟೆ ಎಡಕ್ಕಿರೋ ಆ ಗಡ್ಡೆ? ಅದೇ ಅಲ್ವಾ ಹುಳದ ಗೂಡು?”

“ಅಲ್ವಂತೆ. ಹುಳ ಹಿಡಿದು ತಿನ್ನೋ ಕಣ ನಮ್ಮ ಮೈಯಲ್ಲೇ ಇರ್ತಾವಂತೆ. ಅವೆಲ್ಲ ಅಲ್ಲಿ ಸೇರ್ಕೊಂಡು ಹೊಡೆದಾಡ್ತಾ ಇದಾವೆ, ಅದಕ್ಕೇ ಊದಿದ್ದು ಅಂದ್ರು.”

“ಅಂದ್ರೆ ಗಡ್ಡೆ ಅವಳನ್ನ ಕಾಯ್ತಿತ್ತಾ?”

“ಹಂಗೇ ಅಂತೆ.”

“ನಾನು ಅದ್ರ ಮೇಲೇ ಬರೆ ಹಾಕಿದ್ನಲ್ಲೋ.”

“ಎಲ್ರೂ ಹಾಕ್ತಾರೆ ಅಕ್ಕ. ಅವ್ವ ನಂಗೂ ಹಾಕಿರ್ಲಿಲ್ವಾ?”

“ನೀನು ಬದುಕಿದೆ. ಇವಳ ಬರೆ ಕೀವಾಗಿದೆ. ಈಗ ಆ ಕಣ ಎಲ್ಲಿಗೆ ಅಂತ ಹೋಗ್ತಾವೆ? ಹುಳದ ಮೇಲೋ, ಕೀವಿನ ಮೇಲೋ?”

“ನಾನೂ ಅದನ್ನೇ ಕೇಳ್ದೆ.”

“ಏನಂದ್ರು?”

“ಕೈ ತೊಳ್ಕೊಳೋಕೆ ಹೋದ್ರು.”



“ಕುಡುಗೋಲು ಕಾಯ್ಸುವಾಗ ಅವಳು ಅಳ್ಲಿಲ್ಲ ಕಣೋ. ಸರಿಯಾಗಿ ಹಾಕವ್ವ, ಬೇಗ ವಾಸಿ ಆಗ್ಲಿ ಅಂತ ಸೆರಗು ತಾನೇ ಸರಿಸಿದ್ಲು.”

ನರ್ಸು ಬಾಗಿಲಿಗೆ ಬಂದು ಕೂಗಿದಳು. “ದುಗ್ಗಮ್ಮನ ಕಡೆಯವರು ಯಾರ್ರೀ?”

ತಮ್ಮ ಎದ್ದ. ಅವನು ಎರಡು ಸಲ ಕರೆದ ಮೇಲೆ ಅವಳೂ ಎದ್ದು ಒಳಗೆ ಹೋದಳು.