ಕೇಳಿಸದ ಬೇಸ್ ಗಿಟಾರು

ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಮುದುಕರು, ಒಬ್ಬ ಡ್ರಮ್ಮರ್, ಇನ್ನೊಬ್ಬ ಸ್ಯಾಕ್ಸಫೋನಿನವನು. ಒಳಗೆ ಮಲಗಿದ್ದವರು ಅವರ ಜಾಝ್ ತಂಡದ ಯಜಮಾನರು, ಬೇಸ್ ಗಿಟಾರ್ ನುಡಿಸುತ್ತಿದ್ದವರು, ಇಬ್ಬರಿಗೂ ‘ಅಣ್ಣ’. ಡ್ರಮ್ಮರನ ತೊಡೆಯ ಮೇಲೆ ತಂಡದ ಒಂದೇ ಒಂದು ರೆಕಾರ್ಡಿತ್ತು.

“ನಲವತ್ತು ವರ್ಷ ಆಯ್ತು, ಇದನ್ನ ಯಾರೂ ಮೂಸಿ ನೋಡ್ಲಿಲ್ಲ,” ಎಂದ ಡ್ರಮ್ಮರ್.

“ಅಣ್ಣನ ಗಿಟಾರೇ ಕೇಳಿಸಲ್ವಲ್ಲೋ ಇದ್ರಲ್ಲಿ.”

“ತನ್ನ ಬೆರಳಲ್ಲೇ ಕಸುವಿಲ್ಲ ಅಂದ್ಕೊಂಡು ಅಣ್ಣ ಆಮೇಲೆ ಗಿಟಾರ್ ಮುಟ್ಲೇ ಇಲ್ಲ.”

“ಬೆರಳು ಸರಿಯಾಗೇ ಇತ್ತು.”

“ನಿಂಗೇನೋ ಗೊತ್ತು?”

“ರೆಕಾರ್ಡಿಂಗ್ ದಿನ ನೀವೆಲ್ಲ ಟೀಗೆ ಹೋಗಿದ್ರಿ. ಗಿಟಾರ್ ಸದ್ದು ತಗ್ಗಿಸಿ ನನ್ನ ಸ್ಯಾಕ್ಸ್ ಏರಿಸಪ್ಪಾ ಅಂತ ರೆಕಾರ್ಡಿಸ್ಟ್‌ಗೆ ನಾನೇ ಹೇಳ್ದೆ.”

ಡ್ರಮ್ಮರ್ ರೆಕಾರ್ಡನ್ನು ಮಗುಚಿಟ್ಟ.

“ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಇವತ್ತು ಹೇಳ್ಬಿಡೋಣ ಅಂತಾನೇ ಬಂದೆ ಕಣೋ.”

ನರ್ಸ್ ಬಾಗಿಲು ತೆರೆದಳು.

“ಅಜ್ಜ ಒಂದೇ ಸಮ ಬೆರಳು ಆಡಿಸ್ತಿದ್ದಾರೆ. ಯಾರಾದ್ರೂ ಒಬ್ರು ಬಂದು ಕೈ ಹಿಡ್ಕೊಳ್ಳಿ.”

ಸ್ಯಾಕ್ಸಫೋನಿನವನು ಎದ್ದು ಚಪ್ಪಲಿ ಬಿಟ್ಟ. ಡ್ರಮ್ಮರ್ ತಲೆ ಎತ್ತಲಿಲ್ಲ.

“ಹೋಗು, ಎಲ್ಲ ಹೇಳು. ಆದ್ರೆ ಕೈ ಮಾತ್ರ ಹಿಡೀಬೇಡ. ಈಗ್ಲಾದ್ರೂ ನುಡಿಸ್ಲಿ.”